ವಿಶ್ವಕಪ್ ಚರಿತ್ರೆಯಲ್ಲಿ ಯಾವ ತಂಡ ಎಷ್ಟನೆಯದು?

ಒಂದು ಸಣ್ಣ ಲೆಕ್ಕದಿಂದಲೇ ಶುರು ಮಾಡೋಣ. 1950ರ ಫುಟ್‌ಬಾಲ್ ವಿಶ್ವಕಪ್ ಗೆದ್ದದ್ದು ಉರುಗ್ವೆ. ಆ ಸಲ ಅವರು ಆಡಿದ್ದು ಬರೀ 4 ಪಂದ್ಯ. ಬೊಲಿವಿಯಾ ಮೇಲೆ 8-0 ಗೆಲುವು, ಸ್ಪೇನ್ ಜೊತೆ 2-2 ಡ್ರಾ, ಸ್ವೀಡನ್ ಮೇಲೆ 3-2, ಕೊನೆಗೆ ಮರಕಾನಾ ಮೈದಾನದಲ್ಲಿ ಬ್ರೆಜಿಲ್ ಮೇಲೆ 2-1. ಗೆದ್ದರೆ 3, ಡ್ರಾ ಆದರೆ 1 ಅಂತ ಈಗಿನ ರೀತಿಯಲ್ಲಿ ಕೂಡಿದರೆ 10 ಅಂಕ ಬರುತ್ತದೆ. ಈಗ 2022ಕ್ಕೆ ಬನ್ನಿ. ಕತಾರ್‌ನಲ್ಲಿ ಮೊರಾಕ್ಕೊ ನಾಲ್ಕನೆಯ ಸ್ಥಾನ ಪಡೆಯಿತು. 7 ಪಂದ್ಯ, 3 ಗೆಲುವು, 2 ಡ್ರಾ, 2 ಸೋಲು. ಒಟ್ಟು 11 ಅಂಕ. ಅಂದರೆ ಕಪ್ ಎತ್ತಿದ ಉರುಗ್ವೆಗಿಂತ ನಾಲ್ಕನೆಯ ಸ್ಥಾನದ ಮೊರಾಕ್ಕೊಗೆ ಒಂದು ಅಂಕ ಜಾಸ್ತಿ.

ಯಾವ ದೇಶ ವಿಶ್ವಕಪ್‌ನಲ್ಲಿ ಎಷ್ಟನೆಯದು ಅಂತ ಹುಡುಕಿದರೆ ಎಲ್ಲರಿಗೂ ಮೊದಲು ಸಿಗುವುದು ಈ ಒಟ್ಟು ಅಂಕಗಳ ಪಟ್ಟಿ. 1930ರಿಂದ 2022ರವರೆಗೆ ನಡೆದ 22 ಟೂರ್ನಿಗಳ ಎಲ್ಲ ಪಂದ್ಯಗಳನ್ನೂ ಒಂದೇ ಲೀಗ್ ಅನ್ನುವ ಹಾಗೆ ಕೂಡಿಸಿರುತ್ತಾರೆ. ಅದರ ಪ್ರಕಾರ ಬ್ರೆಜಿಲ್‌ಗೆ 247 ಅಂಕ, ಜರ್ಮನಿಗೆ 225, ಅರ್ಜೆಂಟೀನಾಗೆ 158, ಇಟಲಿಗೆ 156, ಫ್ರಾನ್ಸ್‌ಗೆ 131. ನೋಡಲಿಕ್ಕೆ ಸರಿಯಾಗೇ ಇದೆ, ಅಲ್ವಾ? ಮೇಲಿನ ಐದು ಹೆಸರುಗಳ ಬಗ್ಗೆ ಯಾರೂ ಜಗಳ ತೆಗೆಯುವುದಿಲ್ಲ. ತೊಂದರೆ ಇರುವುದು ಕೆಳಗೆ.

ಮೆಕ್ಸಿಕೊವನ್ನು ನೋಡಿ. 17 ವಿಶ್ವಕಪ್ ಆಡಿದೆ, 60 ಪಂದ್ಯ, 66 ಅಂಕ. ಕ್ರೊಯೇಷಿಯಾ ಆಡಿರುವುದು 6 ವಿಶ್ವಕಪ್, 30 ಪಂದ್ಯ, 47 ಅಂಕ. ಪಟ್ಟಿಯಲ್ಲಿ ಮೆಕ್ಸಿಕೊ ಎಷ್ಟೋ ಮೇಲಿದೆ. ಆದರೆ ಮೆಕ್ಸಿಕೊ ಇದುವರೆಗೆ ಒಂದು ಸಲವೂ ಸೆಮಿಫೈನಲ್ ಕಂಡಿಲ್ಲ. ಅದರ ಒಳ್ಳೆಯ ಸಾಧನೆ ಅಂದರೆ 1970 ಮತ್ತು 1986ರ ಕ್ವಾರ್ಟರ್ ಫೈನಲ್, ಎರಡೂ ಸಲ ತಾನೇ ಆತಿಥೇಯ. ಕ್ರೊಯೇಷಿಯಾ ಆರರಲ್ಲಿ ಮೂರು ಸಲ ಕೊನೆಯ ನಾಲ್ಕರಲ್ಲಿತ್ತು. 1998ರಲ್ಲಿ ಮೂರನೆಯದು, 2018ರಲ್ಲಿ ಫೈನಲ್, 2022ರಲ್ಲಿ ಮತ್ತೆ ಮೂರನೆಯದು. ಒಟ್ಟು ಅಂಕದ ಪಟ್ಟಿ ಹಾಜರಾತಿಗೆ ಬೆಲೆ ಕೊಡುತ್ತದೆ. ಪ್ರತಿ ಸಲ ಬಂದು ಎರಡನೆಯ ಸುತ್ತಿನಲ್ಲಿ ಸೋತು ಹೋದರೂ ಅಂಕ ಸೇರುತ್ತಲೇ ಇರುತ್ತದೆ. 1994ರಿಂದ 2018ರವರೆಗೆ ಸತತ ಏಳು ಸಲ ಮೆಕ್ಸಿಕೊಗೆ ಆದದ್ದು ಇದೇ.

ಇನ್ನೊಂದು ವಿಷಯ. ಸಮವಾಗಿ ಮುಗಿದ ಪಂದ್ಯವನ್ನು ತೀರ್ಮಾನಿಸುವ ಪೆನಾಲ್ಟಿ ಶೂಟೌಟ್‌ನಲ್ಲಿ ಗೆದ್ದರೂ ಸೋತರೂ ದಾಖಲೆಯಲ್ಲಿ ಅದು ಡ್ರಾ. 2022ರ ಫೈನಲ್ ಕೂಡ 3-3 ಡ್ರಾ ಅಂತಲೇ ಲೆಕ್ಕ. 2014ರಲ್ಲಿ ನೆದರ್ಲೆಂಡ್ಸ್ ಸೆಮಿಫೈನಲ್‌ನಲ್ಲಿ ಹೊರಬಿತ್ತು, ಆದರೆ ಆ ಟೂರ್ನಿಯಲ್ಲಿ ಅದರ ಖಾತೆಯಲ್ಲಿ ಒಂದೂ ಸೋಲಿಲ್ಲ. ಗೋಲುಗಳನ್ನು ಕೂಡಿಸಿದರೆ ಇನ್ನೂ ಕಷ್ಟ. 1954ರಲ್ಲಿ ಪಂದ್ಯಕ್ಕೆ ಸರಾಸರಿ 5.38 ಗೋಲು ಬಿದ್ದಿದ್ದವು. 1990ರಲ್ಲಿ 2.21. ಈ ಎರಡು ಕಾಲದ ಗೋಲುಗಳನ್ನು ಒಂದೇ ಬುಟ್ಟಿಗೆ ಹಾಕಲಿಕ್ಕೆ ಬರುವುದಿಲ್ಲ.

ಹಾಗಾದರೆ ಸುಮ್ನೆ ಕಪ್ ಎಣಿಸಿದರೆ ಸಾಲದೇ ಅಂತ ಕೇಳಬಹುದು. ಬ್ರೆಜಿಲ್ 5, ಜರ್ಮನಿ 4, ಇಟಲಿ 4, ಅರ್ಜೆಂಟೀನಾ 3, ಉರುಗ್ವೆ 2, ಫ್ರಾನ್ಸ್ 2, ಇಂಗ್ಲೆಂಡ್ 1, ಸ್ಪೇನ್ 1. ಪಟ್ಟಿ ಮುಗಿಯಿತು. ಎಂಟು ದೇಶ. ಉಳಿದವರೆಲ್ಲ ಸೊನ್ನೆ. ಮೂರು ಫೈನಲ್ ಆಡಿದ ನೆದರ್ಲೆಂಡ್ಸ್ ಸೊನ್ನೆ. ಹಂಗೇರಿ ಸೊನ್ನೆ. ಇದನ್ನು ಒಪ್ಪಲು ನನ್ನಿಂದ ಆಗುವುದಿಲ್ಲ. ಯಾಕೆ ಅಂತ ಹಂಗೇರಿಯ ಕಥೆ ಹೇಳಿಯೇ ಮುಂದೆ ಹೋಗುತ್ತೇನೆ.

1954, ಸ್ವಿಟ್ಜರ್ಲೆಂಡ್. ಹಂಗೇರಿ ನಾಲ್ಕು ವರ್ಷದಿಂದ ಒಂದೂ ಪಂದ್ಯ ಸೋಲದೆ ಬಂದಿತ್ತು. ಮೊದಲು ದಕ್ಷಿಣ ಕೊರಿಯಾ ಮೇಲೆ 9-0. ಆಮೇಲೆ ಪಶ್ಚಿಮ ಜರ್ಮನಿ ಮೇಲೆ 8-3. ಆ ಪಂದ್ಯದಲ್ಲಿ ನಾಯಕ ಪುಷ್ಕಾಶ್ ಪಾದದ ಗಂಟಿಗೆ ಪೆಟ್ಟು ಬಿತ್ತು. ಮುಂದಿನ ಎರಡು ಪಂದ್ಯ ಅವರಿಲ್ಲದೆಯೇ ತಂಡ ಆಡಿತು. ಆ ಎರಡು ಪಂದ್ಯ ಯಾರ ಮೇಲೆ ಗೊತ್ತಾ? ಕ್ವಾರ್ಟರ್ ಫೈನಲ್‌ನಲ್ಲಿ ಬ್ರೆಜಿಲ್, 4-2. ಸೆಮಿಫೈನಲ್‌ನಲ್ಲಿ ಉರುಗ್ವೆ, ಹೆಚ್ಚುವರಿ ಸಮಯದಲ್ಲಿ 4-2. ಉರುಗ್ವೆ ಅಲ್ಲಿಯವರೆಗೆ ವಿಶ್ವಕಪ್‌ನಲ್ಲಿ ಒಂದೇ ಒಂದು ಪಂದ್ಯ ಸೋತಿರಲಿಲ್ಲ. ಜುಲೈ 4ರಂದು ಬರ್ನ್‌ನಲ್ಲಿ ಫೈನಲ್, ಎದುರಿಗೆ ಮತ್ತೆ ಅದೇ ಪಶ್ಚಿಮ ಜರ್ಮನಿ. ಮಳೆ ಸುರಿಯುತ್ತಿತ್ತು. 6ನೇ ನಿಮಿಷಕ್ಕೆ ಪುಷ್ಕಾಶ್ ಗೋಲು, 8ನೇ ನಿಮಿಷಕ್ಕೆ ಚಿಬೋರ್ ಗೋಲು. 10ನೇ ನಿಮಿಷಕ್ಕೆ ಮೊರ್ಲಾಕ್ ಒಂದು ತೀರಿಸಿದರು, 18ಕ್ಕೆ ಹೆಲ್ಮುಟ್ ರಾನ್ ಇನ್ನೊಂದು. 84ನೇ ನಿಮಿಷದಲ್ಲಿ ರಾನ್ ಮತ್ತೆ ಹೊಡೆದರು. 3-2. ಅದಾದ ಮೇಲೂ ಪುಷ್ಕಾಶ್ ಚೆಂಡನ್ನು ಬಲೆಗೆ ಹಾಕಿದರು, ಆದರೆ ಆಫ್‌ಸೈಡ್ ಬಾವುಟ ಮೇಲೆದ್ದಿತ್ತು.

5 ಪಂದ್ಯದಲ್ಲಿ 27 ಗೋಲು. ಒಂದೇ ಟೂರ್ನಿಯಲ್ಲಿ ಇಷ್ಟು ಗೋಲು ಹೊಡೆದ ತಂಡ 2022ರವರೆಗೂ ಇನ್ನೊಂದಿಲ್ಲ. ಕೊಚಿಶ್ ಒಬ್ಬರೇ 11 ಹೊಡೆದರು. ಇಂಥ ತಂಡಕ್ಕೂ ಟೂರ್ನಿಗೆ ಬಾರದೇ ಇದ್ದ ತಂಡಕ್ಕೂ ಒಂದೇ ಸೊನ್ನೆ ಕೊಡುವ ಪಟ್ಟಿ ಚರಿತ್ರೆಯನ್ನು ಅಳೆಯುತ್ತಿದೆ ಅಂತ ನಾನು ಒಪ್ಪುವುದಿಲ್ಲ.

ಹಾಗಾಗಿ ನನ್ನ ಮಾತು ಇಷ್ಟು: ತಂಡಗಳ ಹೆಸರು ನೋಡುವ ಮೊದಲೇ ನಿಯಮ ಬರೆದಿಡಬೇಕು. ಯಾವುದಕ್ಕೆ ಎಷ್ಟು ತೂಕ ಅಂತ ಮೊದಲೇ ತೀರ್ಮಾನಿಸಬೇಕು. ಆಮೇಲೆ ಬಂದ ಫಲಿತಾಂಶ ಇಷ್ಟವಾದರೂ ಆಗದಿದ್ದರೂ ನಿಯಮ ಬದಲಿಸಬಾರದು. ಹೆಚ್ಚಿನ ಪಟ್ಟಿಗಳಲ್ಲಿ ನಡೆಯುವುದು ಉಲ್ಟಾ. ಮೊದಲು ಬ್ರೆಜಿಲ್ ಮೇಲಿರಬೇಕು ಅಂತ ಮನಸ್ಸು ಮಾಡಿಕೊಂಡು, ಅದಕ್ಕೆ ಹೊಂದುವ ಲೆಕ್ಕ ಹುಡುಕುತ್ತಾರೆ.

ನಾನು ಬರೆದುಕೊಂಡ ನಿಯಮ ಇದು. ಕಪ್ ಗೆದ್ದರೆ 16. ಫೈನಲ್‌ನಲ್ಲಿ ಸೋತರೆ 8. ಮೂರನೆಯ ಅಥವಾ ನಾಲ್ಕನೆಯ ಸ್ಥಾನಕ್ಕೆ 4. ಅಲ್ಲಿಗೆ ನಿಲ್ಲಿಸಿದ್ದೇನೆ. ಮೂರನೆಯದಕ್ಕೂ ನಾಲ್ಕನೆಯದಕ್ಕೂ ಭೇದ ಮಾಡಿಲ್ಲ, ಯಾಕೆಂದರೆ 1930ರಲ್ಲಿ ಮೂರನೆಯ ಸ್ಥಾನದ ಪಂದ್ಯವೇ ನಡೆಯಲಿಲ್ಲ. ಅಮೆರಿಕ, ಯುಗೊಸ್ಲಾವಿಯಾ ಎರಡೂ ಸೆಮಿಫೈನಲ್‌ನಲ್ಲಿ 6-1ರಿಂದ ಸೋತವು, ಅಷ್ಟೇ. ಕ್ವಾರ್ಟರ್ ಫೈನಲ್‌ಗೂ ಅಂಕ ಕೊಡಬೇಕು ಅನ್ನಿಸುತ್ತದೆ ನಿಜ. ಆದರೆ 1930, 1950, 1974, 1978, 1982ರಲ್ಲಿ ಕ್ವಾರ್ಟರ್ ಫೈನಲ್ ಅನ್ನುವ ಹಂತವೇ ಇರಲಿಲ್ಲ. 1974 ಮತ್ತು 1978ರಲ್ಲಂತೂ ಸೆಮಿಫೈನಲ್ ಕೂಡ ಇರಲಿಲ್ಲ, ಎರಡನೆಯ ಸುತ್ತಿನ ಗುಂಪುಗಳಲ್ಲಿ ಮೊದಲು ಬಂದವರು ನೇರವಾಗಿ ಫೈನಲ್ ಆಡಿದರು. 1950ರಲ್ಲಿ ಫೈನಲ್ ಅನ್ನುವುದೇ ಇರಲಿಲ್ಲ, ನಾಲ್ಕು ತಂಡಗಳ ಕೊನೆಯ ಗುಂಪು ಇತ್ತು. ಪದ್ಧತಿ ಎಷ್ಟು ಬದಲಾದರೂ 22 ಸಲವೂ ಸಿಗುವ ಒಂದೇ ಸಂಗತಿ ಕೊನೆಯ ನಾಲ್ಕು ತಂಡ.

ಈಗ ಲೆಕ್ಕ ನೋಡಿ. ಬ್ರೆಜಿಲ್: 5 ಕಪ್, 2 ಸಲ ರನ್ನರ್ ಅಪ್, 4 ಸಲ ಮೂರನೆಯದೋ ನಾಲ್ಕನೆಯದೋ. 80, 16, 16. ಒಟ್ಟು 112. ಜರ್ಮನಿ: 4 ಕಪ್, 4 ರನ್ನರ್ ಅಪ್, 5 ಸಲ ಮೂರು-ನಾಲ್ಕು. 64, 32, 20. ಒಟ್ಟು 116.

ಹೌದು, ಜರ್ಮನಿ ಮೊದಲನೆಯದು. ನಿಮ್ಮಲ್ಲಿ ಎಷ್ಟೋ ಜನರಿಗೆ ಇದು ಹಿಡಿಸಲ್ಲ ಅಂತ ಗೊತ್ತು. ನನಗೂ ಬ್ರೆಜಿಲ್ ಆಟವೇ ಹೆಚ್ಚು ಇಷ್ಟ. ಆದರೆ ನಿಯಮ ಮೊದಲೇ ಬರೆದಾಗಿದೆ. 1930ರಲ್ಲಿ ಜರ್ಮನಿ ಹೋಗಲಿಲ್ಲ, 1950ರಲ್ಲಿ ಯುದ್ಧದ ಕಾರಣಕ್ಕೆ ಸೇರಿಸಲಿಲ್ಲ. ಉಳಿದ 20 ಟೂರ್ನಿಗಳಲ್ಲಿ 13 ಸಲ ಕೊನೆಯ ನಾಲ್ಕರಲ್ಲಿತ್ತು. ಬ್ರೆಜಿಲ್ ಎಲ್ಲ 22ನ್ನೂ ಆಡಿದ ಒಂದೇ ತಂಡ, ಅದು 11 ಸಲ.

ಬ್ರೆಜಿಲ್ ಮೇಲೆ ಬರಬೇಕಾದರೆ ಕಪ್‌ನ ತೂಕ ಎಷ್ಟಿರಬೇಕು? ಅದನ್ನೂ ಲೆಕ್ಕ ಹಾಕಬಹುದು. ಉಳಿದ ಎರಡನ್ನೂ ಹಾಗೇ ಇಟ್ಟು, ಕಪ್‌ಗೆ 20ಕ್ಕಿಂತ ಜಾಸ್ತಿ ಕೊಟ್ಟರೆ ಬ್ರೆಜಿಲ್ ಮುಂದೆ ಹೋಗುತ್ತದೆ. ಸರಿಯಾಗಿ 20 ಕೊಟ್ಟರೆ ಇಬ್ಬರಿಗೂ 132, ಸಮ. ಅಂದರೆ ಒಂದು ಕಪ್ ಎರಡೂವರೆ ಫೈನಲ್ ಸೋಲಿಗಿಂತ ದೊಡ್ಡದು ಅಂತ ನೀವು ನಂಬಿದರೆ ಬ್ರೆಜಿಲ್ ನಂಬರ್ ಒನ್. ಅದು ತಪ್ಪು ನಂಬಿಕೆ ಏನಲ್ಲ. ಆದರೆ ಅದೇ ತೂಕವನ್ನು ಕೆಳಗಿನವರಿಗೂ ಹಾಕಬೇಕು. 24 ದಾಟಿದರೆ, ಕೊನೆಯ ನಾಲ್ಕಕ್ಕೆ ಮೂರೇ ಸಲ ಬಂದ ಇಂಗ್ಲೆಂಡ್, ಐದು ಸಲ ಬಂದ ನೆದರ್ಲೆಂಡ್ಸ್ ಮೇಲೆ ಹತ್ತಿ ಕೂರುತ್ತದೆ. ನನ್ನ ನಿಯಮದಲ್ಲಿ ನೆದರ್ಲೆಂಡ್ಸ್‌ಗೆ 32, ಇಂಗ್ಲೆಂಡ್‌ಗೆ 24.

ಬ್ರೆಜಿಲ್ ಪರವಾಗಿ ಇನ್ನೊಂದು ಗಟ್ಟಿಯಾದ ವಾದ ಇದೆ, ತವರು ನೆಲದ್ದು. 22 ಕಪ್‌ಗಳಲ್ಲಿ 6 ಆತಿಥೇಯರ ಪಾಲಾಗಿವೆ: ಉರುಗ್ವೆ 1930, ಇಟಲಿ 1934, ಇಂಗ್ಲೆಂಡ್ 1966, ಪಶ್ಚಿಮ ಜರ್ಮನಿ 1974, ಅರ್ಜೆಂಟೀನಾ 1978, ಫ್ರಾನ್ಸ್ 1998. ಬ್ರೆಜಿಲ್ ತನ್ನ ಐದನ್ನೂ ಹೊರಗೆ ಗೆದ್ದಿತು. ಸ್ವೀಡನ್, ಚಿಲಿ, ಮೆಕ್ಸಿಕೊ, ಅಮೆರಿಕ, ಜಪಾನ್-ಕೊರಿಯಾ. ತವರಿನಲ್ಲಿ ಆಡಿದ ಎರಡು ಸಲ ಅದಕ್ಕೆ ಸಿಕ್ಕಿದ್ದು 1950ರ ಆ ಮರಕಾನಾ ಸೋಲು, 2014ರ ಸೆಮಿಫೈನಲ್‌ನಲ್ಲಿ ಜರ್ಮನಿ ಎದುರು 7-1ರ ಸೋಲು. ಇಂಗ್ಲೆಂಡ್‌ಗೆ ಹೊರಗೆ ಗೆದ್ದ ಕಪ್ ಒಂದೂ ಇಲ್ಲ. ಇದನ್ನು ಪಟ್ಟಿಗೆ ತರಬೇಕು ಅಂದರೆ, ತವರಿನಲ್ಲಿ ಬಂದ ಪ್ರತಿಯೊಂದು ಸ್ಥಾನಕ್ಕೂ ಕಾಲು ಭಾಗ ಕಡಿಮೆ ಮಾಡಬಹುದು. ಕಪ್‌ಗೆ ಮಾತ್ರ ಅಲ್ಲ, ಎಲ್ಲದಕ್ಕೂ. ಆಗ ಜರ್ಮನಿಗೆ 111, ಬ್ರೆಜಿಲ್‌ಗೆ 109. ಅಂತರ ನಾಲ್ಕರಿಂದ ಎರಡಕ್ಕೆ ಇಳಿಯುತ್ತದೆ, ಕ್ರಮ ಬದಲಾಗುವುದಿಲ್ಲ. ಇಂಗ್ಲೆಂಡ್ 20ಕ್ಕೆ ಇಳಿದು ಸ್ಪೇನ್ ಪಕ್ಕ ನಿಲ್ಲುತ್ತದೆ.

ಗೆಲುವಿನ ಪ್ರಮಾಣದಲ್ಲಿ ಮಾತ್ರ ಬ್ರೆಜಿಲ್‌ಗೆ ಸಾಟಿಯಿಲ್ಲ. 114 ಪಂದ್ಯದಲ್ಲಿ 76 ಗೆಲುವು. ಸರಿಯಾಗಿ ಮೂರರಲ್ಲಿ ಎರಡು! ಜರ್ಮನಿ 112ರಲ್ಲಿ 68. ಯಾವುದೇ ಒಂದು ದಿನ ಮೈದಾನಕ್ಕಿಳಿದಾಗ ಗೆಲ್ಲುವ ಸಾಧ್ಯತೆ ಬ್ರೆಜಿಲ್‌ಗೆ ಹೆಚ್ಚು. ಟೂರ್ನಿಯ ಕೊನೆಯ ವಾರದವರೆಗೆ ಉಳಿಯುವುದರಲ್ಲಿ ಜರ್ಮನಿ ಮುಂದೆ. ನಾನು ಅಳೆಯುತ್ತಿರುವುದು ಎರಡನೆಯದನ್ನು.

ಇಲ್ಲೊಬ್ಬರು ಒಳ್ಳೆಯ ಪ್ರಶ್ನೆ ಕೇಳಿದರು: ಜರ್ಮನಿ ಅಂದರೆ ಯಾವ ಜರ್ಮನಿ? ಪಶ್ಚಿಮ ಜರ್ಮನಿಯ ಕಾಲದ್ದನ್ನು ಬೇರೆ ಇಟ್ಟರೆ ಅದಕ್ಕೆ 80, ಯುದ್ಧಕ್ಕೆ ಮೊದಲಿನ ಮತ್ತು ಒಂದಾದ ಮೇಲಿನ ಜರ್ಮನಿಗೆ 36. ಆಗ ಬ್ರೆಜಿಲ್ ತಾನಾಗಿ ಮೊದಲನೆಯದಾಗುತ್ತದೆ. ವಿಶ್ವಕಪ್ ನಡೆಸುವ ಸಂಸ್ಥೆಯಾದ ಫಿಫಾ ಇವೆರಡನ್ನೂ ಕೂಡಿಸುತ್ತದೆ, ಪೂರ್ವ ಜರ್ಮನಿಯನ್ನು ಮಾತ್ರ ಬೇರೆ ಇಡುತ್ತದೆ. ಪೂರ್ವ ಜರ್ಮನಿ ಆಡಿದ್ದು 1974ರಲ್ಲಿ ಒಂದೇ ಸಲ, ಆಗ ಹ್ಯಾಂಬರ್ಗ್‌ನಲ್ಲಿ ಪಶ್ಚಿಮ ಜರ್ಮನಿಯನ್ನೇ 1-0ರಿಂದ ಸೋಲಿಸಿತು. ಕೂಡಿಸುವುದು ಸರಿ ಅಂತ ನನಗನ್ನಿಸುತ್ತದೆ. ಪಶ್ಚಿಮ ಜರ್ಮನಿಯ ಫುಟ್‌ಬಾಲ್ ಸಂಸ್ಥೆಯೇ ಮುಂದುವರಿಯಿತು, ಪೂರ್ವ ಭಾಗ ಬಂದು ಅದಕ್ಕೆ ಸೇರಿತು.

ಯುಗೊಸ್ಲಾವಿಯಾದ ವಿಷಯದಲ್ಲಿ ಫಿಫಾ ಜೊತೆ ನನ್ನ ತಕರಾರಿದೆ. 1930 ಮತ್ತು 1962ರಲ್ಲಿ ಕೊನೆಯ ನಾಲ್ಕಕ್ಕೆ ಬಂದ ಆ ತಂಡದ ದಾಖಲೆಯೆಲ್ಲ ಸೆರ್ಬಿಯಾದ ಹೆಸರಿಗೆ ಹೋಗುತ್ತದೆ. ಆದರೆ ಆ ದೇಶ ಹಲವು ದೇಶಗಳಾಗಿ ಒಡೆಯಿತು. ರಾಬರ್ಟ್ ಪ್ರೊಸಿನೆಚ್ಕಿ 1990ರಲ್ಲಿ ಯುಗೊಸ್ಲಾವಿಯಾಕ್ಕೆ ಗೋಲು ಹೊಡೆದರು, 1998ರಲ್ಲಿ ಕ್ರೊಯೇಷಿಯಾಕ್ಕೆ. ಅವರ ಮೊದಲ ಗೋಲು ಸೆರ್ಬಿಯಾದ ಲೆಕ್ಕಕ್ಕೆ, ಆಮೇಲಿನವು ಕ್ರೊಯೇಷಿಯಾದ ಲೆಕ್ಕಕ್ಕೆ ಅಂತ ಬರೆಯುವುದು ನ್ಯಾಯವಲ್ಲ. ನಾನು ಯುಗೊಸ್ಲಾವಿಯಾವನ್ನು ಮುಗಿದ ಖಾತೆ ಅಂತ ಬೇರೆಯಾಗಿಯೇ ಇಟ್ಟಿದ್ದೇನೆ. ಚೆಕೊಸ್ಲೊವಾಕಿಯಾವನ್ನೂ ಹಾಗೆಯೇ.

ನನ್ನ ನಿಯಮಕ್ಕೂ ಕಾಣದ ಸಂಗತಿಗಳಿವೆ. 1982ರ ಕ್ಯಾಮರೂನ್ ಅಂಥದ್ದು. ಅದು ಅವರ ಮೊದಲ ವಿಶ್ವಕಪ್. ಪೆರು ಜೊತೆ 0-0, ಪೋಲೆಂಡ್ ಜೊತೆ 0-0. ಕೊನೆಯ ಪಂದ್ಯ ವೀಗೊ ನಗರದಲ್ಲಿ ಇಟಲಿ ಜೊತೆ. 60ನೇ ನಿಮಿಷಕ್ಕೆ ಇಟಲಿಯ ಗ್ರಾಜಿಯಾನಿ ಗೋಲು ಹೊಡೆದರು. ಒಂದೇ ನಿಮಿಷದಲ್ಲಿ ಎಂಬಿಡಾ ಅದನ್ನು ತೀರಿಸಿದರು. 1-1ಕ್ಕೆ ಪಂದ್ಯ ಮುಗಿಯಿತು. ಇಟಲಿಯೂ ಮೂರಕ್ಕೆ ಮೂರು ಡ್ರಾ, ಕ್ಯಾಮರೂನೂ ಮೂರಕ್ಕೆ ಮೂರು ಡ್ರಾ. ಗೋಲು ವ್ಯತ್ಯಾಸವೂ ಸಮ. ಇಟಲಿ ಹೊಡೆದ ಗೋಲು 2, ಕ್ಯಾಮರೂನ್ ಹೊಡೆದದ್ದು 1. ಆ ಒಂದು ಗೋಲಿನ ಮೇಲೆ ಇಟಲಿ ಮುಂದೆ ಹೋಯಿತು. ಮುಂದೆ ಅರ್ಜೆಂಟೀನಾವನ್ನು 2-1, ಬ್ರೆಜಿಲ್ಲನ್ನು 3-2, ಪೋಲೆಂಡನ್ನು 2-0, ಪಶ್ಚಿಮ ಜರ್ಮನಿಯನ್ನು 3-1ರಿಂದ ಸೋಲಿಸಿ ಕಪ್ ಗೆದ್ದಿತು. ನನ್ನ ಖಾತೆಯಲ್ಲಿ ಇಟಲಿಗೆ 16, ಕ್ಯಾಮರೂನ್‌ಗೆ ಸೊನ್ನೆ. ಇಟಲಿ ಆ 16ಕ್ಕೆ ಪೂರ್ತಿ ಅರ್ಹ. ಆದರೆ ಆ ಸೊನ್ನೆಯ ಹಿಂದೆ ಸೋಲೇ ಕಾಣದ ಒಂದು ತಂಡ ಇದೆ.

ಇದಕ್ಕಿಂತ ದೊಡ್ಡ ಅನ್ಯಾಯ ಬಾಗಿಲಲ್ಲೇ ನಡೆದದ್ದು. 1934ರಲ್ಲಿ ಈಜಿಪ್ಟ್ ಆಡಿತು, ಹಂಗೇರಿಗೆ 4-2ರಿಂದ ಸೋತು ಒಂದೇ ಪಂದ್ಯಕ್ಕೆ ವಾಪಸ್ ಹೋಯಿತು. ಅದಾದ ಮೇಲೆ ಆಫ್ರಿಕಾದ ತಂಡ ವಿಶ್ವಕಪ್‌ಗೆ ಕಾಲಿಟ್ಟದ್ದು 1970ರಲ್ಲಿ, ಮೊರಾಕ್ಕೊ. ನಡುವೆ ಆರು ವಿಶ್ವಕಪ್ ಕಳೆದುಹೋದವು. 1966ಕ್ಕೆ ಆಫ್ರಿಕಾ, ಏಷ್ಯಾ, ಓಷಿಯಾನಿಯಾ ಮೂರಕ್ಕೂ ಸೇರಿಸಿ ಇದ್ದದ್ದು ಒಂದೇ ಸ್ಥಾನ. ಆಫ್ರಿಕಾದ ದೇಶಗಳು ಒಟ್ಟಾಗಿ ಆ ಅರ್ಹತಾ ಸುತ್ತನ್ನೇ ಬಹಿಷ್ಕರಿಸಿದವು. ಆ ಹೋರಾಟದಿಂದಲೇ 1970ಕ್ಕೆ ಅವರಿಗೆ ಅಂತ ಒಂದು ನೇರ ಸ್ಥಾನ ಸಿಕ್ಕಿತು. ಒಟ್ಟು ಅಂಕದ ಪಟ್ಟಿಯಲ್ಲಿ ಆಫ್ರಿಕಾದ ತಂಡಗಳು ಕೆಳಗಿವೆ ಅಂತ ಸುಲಭವಾಗಿ ಹೇಳುವವರು ಇದನ್ನು ಮರೆಯುತ್ತಾರೆ. ಆಟದಲ್ಲಿ ಸೋಲುವುದು ಬೇರೆ, ಆಡಲಿಕ್ಕೇ ಬಿಡದಿರುವುದು ಬೇರೆ.

ಅದಕ್ಕೇ ನನ್ನ ಪಟ್ಟಿಯ ಪಕ್ಕದಲ್ಲಿ ಇನ್ನೊಂದು ಕಾಲಂ ಇಟ್ಟಿದ್ದೇನೆ. ಆಡಿದ್ದು ಎಷ್ಟು ಸಲ, ಅದರಲ್ಲಿ ಕೊನೆಯ ನಾಲ್ಕಕ್ಕೆ ಬಂದದ್ದು ಎಷ್ಟು ಸಲ. ಜರ್ಮನಿ 20ರಲ್ಲಿ 13, ಬ್ರೆಜಿಲ್ 22ರಲ್ಲಿ 11. ಕ್ರೊಯೇಷಿಯಾ 6ರಲ್ಲಿ 3. ಗಮನಿಸಿದಿರಾ? ಬ್ರೆಜಿಲ್, ಕ್ರೊಯೇಷಿಯಾ ಎರಡೂ ಸರಿಯಾಗಿ ಅರ್ಧ. ನಲವತ್ತು ಲಕ್ಷ ಜನ ಕೂಡ ಇಲ್ಲದ ದೇಶ ಅದು. ಆರು ಟೂರ್ನಿ ಬಹಳ ಕಡಿಮೆ, ಇದರ ಮೇಲೆ ದೊಡ್ಡ ತೀರ್ಪು ಕೊಡಲಾಗದು. ಆದರೂ ಈ ಸಂಖ್ಯೆ ನೋಡಿದಾಗಲೆಲ್ಲ ನನಗೆ ಖುಷಿಯಾಗುತ್ತದೆ. ನೆದರ್ಲೆಂಡ್ಸ್ 11ರಲ್ಲಿ 5, ಇಟಲಿ 18ರಲ್ಲಿ 8, ಫ್ರಾನ್ಸ್ 16ರಲ್ಲಿ 7, ಇಂಗ್ಲೆಂಡ್ 16ರಲ್ಲಿ 3.

ಅರ್ಜೆಂಟೀನಾದ್ದು ವಿಚಿತ್ರ. 18ರಲ್ಲಿ 6 ಸಲ ಮಾತ್ರ ಕೊನೆಯ ನಾಲ್ಕು. ಆದರೆ ಆ ಆರೂ ಸಲ ಫೈನಲ್! ಸೆಮಿಫೈನಲ್‌ಗೆ ಬಂದ ಮೇಲೆ ಅವರನ್ನು ತಡೆದವರು 2022ರವರೆಗೆ ಯಾರೂ ಇಲ್ಲ. 3 ಗೆಲುವು, 3 ಸೋಲು, ಒಟ್ಟು 72. ಇಟಲಿಗೆ 88. ಅಂಕದ ಪಟ್ಟಿಯಲ್ಲಿ 2022ರ ಗೆಲುವಿನಿಂದ ಅರ್ಜೆಂಟೀನಾ ಇಟಲಿಯನ್ನು ಎರಡೇ ಅಂಕದಿಂದ ದಾಟಿದೆ, ನನ್ನದರಲ್ಲಿ ಇನ್ನೂ ಒಂದು ಕಪ್‌ನಷ್ಟು ಹಿಂದಿದೆ. 2018, 2022 ಎರಡಕ್ಕೂ ಅರ್ಹತೆಯನ್ನೇ ಪಡೆಯದ ಇಟಲಿಯನ್ನು ಮೂರನೆಯ ಸ್ಥಾನದಲ್ಲಿ ಹೇಗೆ ಇಡುತ್ತೀರಿ ಅಂತ ಕೇಳಿದರೆ, ಇದು ಈಗಿನ ಬಲದ ಪಟ್ಟಿ ಅಲ್ಲ. ಈಗಿನ ಬಲ ಬೇಕಾದರೆ ಫಿಫಾ ರ್‍ಯಾಂಕಿಂಗ್ ಇದೆ. ಅದು 2018ರಿಂದ, ಚೆಸ್‌ಗಾಗಿ ಅರ್ಪಾಡ್ ಏಲೊ ರೂಪಿಸಿದ ಪದ್ಧತಿಯ ಮಾದರಿಯಲ್ಲಿ ನಡೆಯುತ್ತಿದೆ. ಬಲಶಾಲಿ ತಂಡವನ್ನು ಸೋಲಿಸಿದರೆ ಜಾಸ್ತಿ ಅಂಕ, ದುರ್ಬಲ ತಂಡವನ್ನು ಸೋಲಿಸಿದರೆ ಕಡಿಮೆ. ಒಳ್ಳೆಯ ಪದ್ಧತಿ, ಆದರೆ ಅದರ ಕೆಲಸ ಬೇರೆ.

ಹಳೆಯ ಕಪ್‌ಗಳ ತೂಕ ಕಡಿಮೆ ಮಾಡಬೇಕು ಅನ್ನುವವರೂ ಇದ್ದಾರೆ. 1930ರಲ್ಲಿ ಆಡಿದ್ದು 13 ತಂಡ, ಯೂರೋಪಿನಿಂದ ಹಡಗು ಹತ್ತಿ ಬಂದದ್ದು ನಾಲ್ಕೇ. ಅದಕ್ಕೆ ಉರುಗ್ವೆಯ ಕಪ್ ಅಗ್ಗ ಅನ್ನುತ್ತಾರೆ. ಆದರೆ 1934ರಲ್ಲಿ ಉರುಗ್ವೆ ಇರಲಿಲ್ಲ, 1938ರಲ್ಲಿ ಉರುಗ್ವೆಯೂ ಅರ್ಜೆಂಟೀನಾವೂ ಇರಲಿಲ್ಲ. ಆಗ ಇಟಲಿಯ ಎರಡು ಕಪ್‌ಗೂ ಕತ್ತರಿ ಹಾಕಬೇಕಾಗುತ್ತದೆ. ಬಂದವರ ಎದುರು ಆಡಿ ಗೆದ್ದರು, ಅದು ಅವರದು. ನಾನು ಯಾವ ಕಪ್‌ಗೂ ವಯಸ್ಸಿನ ಲೆಕ್ಕದಲ್ಲಿ ತೂಕ ಇಳಿಸಿಲ್ಲ.

ಇದೆಲ್ಲ ಪುರುಷರ ವಿಶ್ವಕಪ್‌ನ ಮಾತು. ಮಹಿಳೆಯರ ಪಟ್ಟಿ ಪೂರ್ತಿ ಬೇರೆ. ಅಲ್ಲಿ 4 ಕಪ್‌ಗಳೊಂದಿಗೆ ಅಮೆರಿಕ ಮುಂದಿದೆ, ಜರ್ಮನಿಗೆ 2. 2023ರಲ್ಲಿ ಸ್ಪೇನ್ ಗೆದ್ದಾಗ, ಪುರುಷರ ಮತ್ತು ಮಹಿಳೆಯರ ಎರಡೂ ಕಪ್ ಇರುವ ದೇಶಗಳ ಸಾಲಿಗೆ ಜರ್ಮನಿಯ ಜೊತೆ ಅದೂ ಸೇರಿತು. ಅದರ ಬಗ್ಗೆ ಒಂದು ಪೂರ್ತಿ ಸಂಜೆ ಮಾತಾಡಬಹುದು.

ಉಳಿದ ಸ್ಥಾನಗಳನ್ನು ಬೇಗ ಹೇಳಿಬಿಡುತ್ತೇನೆ. ಐದನೆಯದು ಫ್ರಾನ್ಸ್, 60. ಆರನೆಯದು ಉರುಗ್ವೆ, 44. ಏಳನೆಯದು ನೆದರ್ಲೆಂಡ್ಸ್, ಎಂಟನೆಯದು ಇಂಗ್ಲೆಂಡ್. ಒಂಬತ್ತಕ್ಕೆ ಸ್ಪೇನ್, ಸ್ವೀಡನ್ ಎರಡಕ್ಕೂ 20. ಸ್ವೀಡನ್ ಹೆಸರು ಕೇಳಿ ಅಚ್ಚರಿ ಆಗಬಹುದು, ಆದರೆ 1958ರ ಫೈನಲ್ ಜೊತೆಗೆ 1938, 1950, 1994ರಲ್ಲೂ ಅದು ಕೊನೆಯ ನಾಲ್ಕರಲ್ಲಿತ್ತು. ಅದರ ಕೆಳಗೆ ಹಂಗೇರಿ, ಚೆಕೊಸ್ಲೊವಾಕಿಯಾ, ಕ್ರೊಯೇಷಿಯಾ ಮೂರಕ್ಕೂ 16. ಒಂದು ಕಪ್‌ಗೆ ಎಷ್ಟೋ ಅಷ್ಟೇ, ಕಪ್ ಇಲ್ಲದೆ. ಮೂರನ್ನೂ ಬೇರ್ಪಡಿಸಲು ಹೊಸ ನಿಯಮ ಹುಡುಕಲಿಲ್ಲ, 11ನೆಯ ಸ್ಥಾನದಲ್ಲಿ ಜೊತೆಗೇ ಇಟ್ಟಿದ್ದೇನೆ.

2026ರಿಂದ ಟೂರ್ನಿಗೆ 48 ತಂಡ, 104 ಪಂದ್ಯ. ಕಪ್ ಗೆಲ್ಲಲು 8 ಪಂದ್ಯ ಆಡಬೇಕು. ಉರುಗ್ವೆ ಎರಡು ಕಪ್‌ಗೆ ಸೇರಿಸಿ ಆಡಿದ್ದು ಅಷ್ಟೇ ಪಂದ್ಯ.